ಒಂದಕ್ಷರದ ತಪ್ಪು ತಿದ್ದುವ ಕಿಣ್ವಗಳು

'ಹಾಲು' ಎಂದು ಬರೆಯುವಲ್ಲಿ 'ಹಾಳು' ಎಂದು ಬರೆದರೆ ಏನಾಗುತ್ತದೆ? ಕನ್ನಡ ಮೇಷ್ಟ್ರು ಕೆಂಪು ಶಾಯಿಯಲ್ಲಿ ಒಂದು ಗೆರೆ ಎಳೀತಾರೆ, ಅರ್ಧ ಅಂಕ ಹೋಗ್ತದೆ, ಅಷ್ಟೆ. ಆದರೆ ನಮ್ಮ ದೇಹದೊಳಗೂ ಒಂದು ಬರವಣಿಗೆ ಇದೆ. ಅಲ್ಲಿ ಒಂದಕ್ಷರ ತಪ್ಪಿದರೆ ಕೆಲವು ಸಲ ಜೀವಕ್ಕೇ ಸಂಚಕಾರ ಬರುತ್ತದೆ. ಆ ಅಕ್ಷರವನ್ನು ತಿದ್ದಲು ವಿಜ್ಞಾನಿಗಳು ಕಿಣ್ವಗಳನ್ನು ಹೇಗೆ ಹದ ಮಾಡಿದರು ಅನ್ನೋದೇ ಈ ಲೇಖನ.

ಆ ಬರವಣಿಗೆಯ ಹೆಸರು ಡಿ.ಎನ್.ಎ. ಎಂದು ಪಾಠದಲ್ಲಿ ಓದಿದ್ದೇವೆ. ಅದರಲ್ಲಿ ನಾಲ್ಕೇ ಅಕ್ಷರ: ಎ, ಟಿ, ಜಿ, ಸಿ. ಅಂದರೆ ಅಡೆನಿನ್, ಥೈಮಿನ್, ಗ್ವಾನಿನ್, ಸೈಟೋಸಿನ್. ಡಿ.ಎನ್.ಎ. ಎರಡು ಎಳೆಯ ಹಗ್ಗ. ಒಂದು ಎಳೆಯಲ್ಲಿ ಎ ಇದ್ದರೆ ಎದುರಿಗೆ ಟಿ, ಜಿ ಇದ್ದರೆ ಎದುರಿಗೆ ಸಿ. ಈ ಜೋಡಿ ಎಂದೂ ಬದಲಾಗದು (ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ). ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎರಡು ಪ್ರತಿ ನಮಗೆ ಬರುತ್ತವೆ. ಒಂದೊಂದು ಪ್ರತಿಯಲ್ಲೂ ಸುಮಾರು 300 ಕೋಟಿ ಅಕ್ಷರ.

ಈಗ ಒಂದು ಕಾಯಿಲೆಯನ್ನು ತೆಗೆದುಕೊಳ್ಳೋಣ. ಹೆಸರು ಕುಡುಗೋಲು ಕಣ ರಕ್ತಹೀನತೆ. ಆಸ್ಪತ್ರೆಯಲ್ಲಿ 'ಸಿಕಲ್ ಸೆಲ್' ಅಂತಾರೆ. ಇದು ದೂರದ ಕಾಯಿಲೆಯಲ್ಲ. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ಪಕ್ಕದ ನೀಲಗಿರಿ ಬೆಟ್ಟಗಳಲ್ಲಿ. ಮೈಸೂರು, ಚಾಮರಾಜನಗರ, ಕೊಡಗು ಜಿಲ್ಲೆಗಳ ಕಾಡಂಚಿನ ಬುಡಕಟ್ಟು ಕುಟುಂಬಗಳಲ್ಲಿ ಇದು ಇದೆ. ರಕ್ತದ ಕೆಂಪು ಕಣ ಸಾಮಾನ್ಯವಾಗಿ ನಡು ತಗ್ಗಿದ ದುಂಡು ಬಿಲ್ಲೆಯ ಹಾಗೆ ಇರುತ್ತದೆ. ಈ ಕಾಯಿಲೆಯಲ್ಲಿ ಆಮ್ಲಜನಕ ಕಡಿಮೆಯಾದಾಗ ಅದು ಕುಡುಗೋಲಿನಂತೆ ಬಾಗಿ, ಗಟ್ಟಿಯಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ಬರುವ ಮೈಕೈ ಮೂಳೆಯ ನೋವು ಬಹಳ ಕ್ರೂರ. ಒಳ್ಳೆ ಕಣ 120 ದಿನ ಬಾಳಿದರೆ ಇದು 10ರಿಂದ 20 ದಿನದಲ್ಲೇ ಒಡೆದುಹೋಗುತ್ತದೆ. ಹಾಗಾಗಿ ಮಗು ಸದಾ ಬಿಳಿಚಿಕೊಂಡು, ಸುಸ್ತಾಗಿ ಇರುತ್ತದೆ.

ಕಾರಣ ಏನು? ಒಂದೇ ಅಕ್ಷರ! ಹಿಮೋಗ್ಲೋಬಿನ್ನಿನ ಒಂದು ಸರಪಳಿಯಲ್ಲಿ 146 ಅಮೈನೊ ಆಮ್ಲಗಳಿವೆ. ಅದರ ಆರನೆಯ ಜಾಗಕ್ಕೆ ಡಿ.ಎನ್.ಎ.ಯಲ್ಲಿ 'ಜಿ ಎ ಜಿ' ಎಂದು ಇರಬೇಕಾದ್ದು 'ಜಿ ಟಿ ಜಿ' ಎಂದಾಗಿದೆ. ಅದರಿಂದ ಗ್ಲುಟಾಮಿಕ್ ಆಮ್ಲ ಬರಬೇಕಾದ ಕಡೆ ವ್ಯಾಲೀನ್ ಬಂದು ಕೂತಿತು. ಅಮೈನೊ ಆಮ್ಲದ ಈ ಅದಲುಬದಲನ್ನು ಪತ್ತೆ ಮಾಡಿದವರು ವರ್ನನ್ ಇಂಗ್ರಾಂ, ಕೇಂಬ್ರಿಜ್‌ನಲ್ಲಿ, 1956–57ರಲ್ಲಿ. ತಂದೆ ತಾಯಿ ಇಬ್ಬರಿಂದಲೂ ತಪ್ಪಾದ ಪ್ರತಿ ಬಂದರೆ ಕಾಯಿಲೆ. ಒಬ್ಬರಿಂದ ಮಾತ್ರ ಬಂದರೆ ವಾಹಕ. ಅವರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ಅಷ್ಟೇ ಅಲ್ಲ, ವಾಹಕರಿಗೆ ಮಲೇರಿಯಾ ಜೋರಾಗಿ ಬಾಧಿಸುವುದಿಲ್ಲ. ಮಲೇರಿಯಾ ಹೆಚ್ಚಿದ್ದ ಕಾಡುನಾಡುಗಳಲ್ಲಿ ಈ ತಪ್ಪಕ್ಷರ ಅಳಿಯದೆ ಉಳಿದು ಬಂದಿದ್ದು ಅದಕ್ಕೇ.

ಒಂದಕ್ಷರ ತಾನೆ, ತಿದ್ದಿಬಿಡಬಹುದಲ್ಲ? 300 ಕೋಟಿ ಅಕ್ಷರಗಳ ನಡುವೆ ಆ ಒಂದನ್ನು ಹುಡುಕುವುದು ಹೇಗೆ, ಮುಟ್ಟುವುದು ಹೇಗೆ ಎಂಬುದೇ ಪ್ರಶ್ನೆ.

ಹುಡುಕುವ ವಿದ್ಯೆಯನ್ನು ಮನುಷ್ಯ ಕಲಿತದ್ದು ಬ್ಯಾಕ್ಟೀರಿಯಾಗಳಿಂದ. ಅವುಗಳಿಗೂ ವೈರಸ್ ಕಾಟ ಇದೆ. ಒಮ್ಮೆ ಬಂದ ವೈರಸ್ಸಿನ ಡಿ.ಎನ್.ಎ. ತುಂಡನ್ನು ಕೆಲವು ಬ್ಯಾಕ್ಟೀರಿಯಾಗಳು ಕಳ್ಳನ ಫೋಟೋ ಇಟ್ಟುಕೊಂಡ ಹಾಗೆ ಇಟ್ಟುಕೊಳ್ಳುತ್ತವೆ. ಆ ಫೋಟೋದ ನಕಲನ್ನು ಆರ್.ಎನ್.ಎ. ರೂಪದಲ್ಲಿ ಹಿಡಿದುಕೊಂಡು ಒಂದು ಕಿಣ್ವ ಗಸ್ತು ತಿರುಗುತ್ತದೆ. ಹೆಸರು ಕ್ಯಾಸ್9. ಅದೇ ವೈರಸ್ ಮತ್ತೆ ಬಂದರೆ ಗುರುತು ಹಿಡಿದು ಎರಡೂ ಎಳೆಯನ್ನು ಕತ್ತರಿಸಿ ಹಾಕುತ್ತದೆ. ಫೋಟೋ ಬದಲಿಸಿದರೆ ನಮಗೆ ಬೇಕಾದ ಕಡೆ ಕತ್ತರಿಸಬಹುದು ಎಂದು 2012ರಲ್ಲಿ ತೋರಿಸಿಕೊಟ್ಟವರು ಇಬ್ಬರು ಮಹಿಳೆಯರು: ಫ್ರಾನ್ಸಿನ ಎಮ್ಯಾನುಯೆಲ್ ಶಾರ್ಪಾಂಟ್ಯೇ, ಅಮೆರಿಕದ ಜೆನಿಫರ್ ಡೌಡ್ನಾ. ಇಬ್ಬರಿಗೂ 2020ರ ರಸಾಯನ ವಿಜ್ಞಾನದ ನೊಬೆಲ್ ಬಂತು. ಈ ವಿಧಾನಕ್ಕೆ ಕ್ರಿಸ್ಪರ್ ಎಂದು ಹೆಸರು.

ಆ ಫೋಟೋ 20 ಅಕ್ಷರದ್ದು. 20 ಸಾಕಾ? ಲೆಕ್ಕ ಹಾಕಿ ನೋಡಿ. ನಾಲ್ಕಕ್ಷರದಲ್ಲಿ 20 ಅಕ್ಷರದ ಪದ ಎಷ್ಟು ಬಗೆಯಲ್ಲಿ ಬರೆಯಬಹುದು? 4ನ್ನು 20 ಸಲ ಗುಣಿಸಬೇಕು. ಸುಮಾರು 1 ಲಕ್ಷ 10 ಸಾವಿರ ಕೋಟಿ ಬರುತ್ತದೆ. ನಮ್ಮ ಪುಸ್ತಕದಲ್ಲಿರುವುದು 300 ಕೋಟಿ ಅಕ್ಷರ. ಹಾಗಾಗಿ ಅದೇ 20 ಅಕ್ಷರ ಆಕಸ್ಮಿಕವಾಗಿ ಇನ್ನೊಂದು ಕಡೆ ಇರುವ ಸಂಭವ ಕಡಿಮೆ. ಆದರೆ 17 ಅಥವಾ 18 ಅಕ್ಷರ ಸರಿಯಿದ್ದು ಎರಡು ಮೂರು ಮಾತ್ರ ಬೇರೆ ಇರುವ ಜಾಗಗಳು ಬೇಕಾದಷ್ಟು ಸಿಗುತ್ತವೆ. ಅವಳಿ ಮಕ್ಕಳಲ್ಲಿ ಅಣ್ಣನಿಗೆ ಬೀಳಬೇಕಾದ ಏಟು ತಮ್ಮನಿಗೆ ಬೀಳುವ ಹಾಗೆ ಕ್ಯಾಸ್9 ಅಲ್ಲೂ ಹೋಗಿ ಕತ್ತರಿಸುತ್ತದೆ.

ಇದು ಕಿಣ್ವದ ದಡ್ಡತನ ಅನ್ನಬೇಡಿ. ಬ್ಯಾಕ್ಟೀರಿಯಾಕ್ಕೆ ಅದು ಲಾಭವೇ. ಕಳ್ಳ ವೈರಸ್ ಒಂದೆರಡು ಅಕ್ಷರ ಬದಲಿಸಿಕೊಂಡು ಮೀಸೆ ಅಂಟಿಸಿಕೊಂಡು ಬಂದರೂ ಹಿಡಿಯಬೇಕಲ್ಲ! ಮನುಷ್ಯನ ಜೀವಕೋಶದಲ್ಲಿ ಮಾತ್ರ ಆ ಗುಣವೇ ಅಪಾಯ. ತಪ್ಪು ಜಾಗದಲ್ಲಿ ಕತ್ತರಿ ಬಿದ್ದರೆ ಒಳ್ಳೆಯ ವಂಶವಾಹಿಯೇ ಕೆಡಬಹುದು.

ಹಾಗಾದರೆ ಕತ್ತರಿಯನ್ನೇ ಸರಿಮಾಡಬೇಕು. ಇಲ್ಲಿಂದ ನನಗೆ ಬಹಳ ಹಿಡಿಸಿದ ಭಾಗ.

ಕ್ಯಾಸ್9 ಡಿ.ಎನ್.ಎ.ಯನ್ನು ಎರಡು ರೀತಿ ಹಿಡಿಯುತ್ತದೆ. ಒಂದು, ಫೋಟೋದ ಅಕ್ಷರಗಳು ಎದುರಿನ ಅಕ್ಷರಗಳ ಜೊತೆ ಒಂದೊಂದಾಗಿ ಕೂಡಿಕೊಳ್ಳುವುದು. ಇನ್ನೊಂದು, ಅಕ್ಷರ ಯಾವುದೇ ಇರಲಿ, ಡಿ.ಎನ್.ಎ.ಯ ಬೆನ್ನನ್ನೇ ಅದುಮಿ ಹಿಡಿಯುವುದು. ಸ್ಕೂಲ್ ಬ್ಯಾಗಿನ ಜಿಪ್ ನೆನೆಸಿಕೊಳ್ಳಿ. ಹಲ್ಲು ಮುರಿದ ಜಿಪ್ಪನ್ನು ಮೆಲ್ಲಗೆ ಎಳೆದರೆ ಮುರಿದ ಹಲ್ಲಿನ ಹತ್ತಿರ ನಿಂತುಬಿಡುತ್ತದೆ. ಬಲವಾಗಿ ಅದುಮಿ ಎಳೆದರೆ ಅದನ್ನೂ ದಾಟಿ ಮುಚ್ಚಿಕೊಳ್ಳುತ್ತದೆ. ಕ್ಯಾಸ್9 ಮಾಡುತ್ತಿದ್ದದ್ದು ಇದೇ. ಬೆನ್ನಿನ ಹಿಡಿತ ಜಾಸ್ತಿ, ಆದ್ದರಿಂದ ಅಕ್ಷರ ತಪ್ಪಿದರೂ ಬಿಡುತ್ತಿರಲಿಲ್ಲ.

ಕ್ಯಾಸ್9 ಎಂಬುದು 1368 ಅಮೈನೊ ಆಮ್ಲಗಳ ದೊಡ್ಡ ಪ್ರೋಟೀನು. 2016ರಲ್ಲಿ ಅಮೆರಿಕದ ಕೀತ್ ಜಂಗ್ ಅವರ ತಂಡ ಅದರಲ್ಲಿ ನಾಲ್ಕೇ ನಾಲ್ಕನ್ನು ಬದಲಿಸಿತು. ಬೆನ್ನನ್ನು ಹಿಡಿದಿದ್ದ ನಾಲ್ಕು ಉದ್ದ ಬೆರಳುಗಳನ್ನು ತೆಗೆದು ಅಲ್ಲಿ ಅಲನೀನ್ ಎಂಬ ಮೊಂಡು ಬೆರಳು ಇಟ್ಟರು ಅನ್ನಿ. ಹಿಡಿತ ಸ್ವಲ್ಪ ಸಡಿಲಾಯಿತು. ಎಲ್ಲಾ ಅಕ್ಷರ ಕೂಡಿದಾಗ ಮಾತ್ರ ನಿಲ್ಲುವಷ್ಟು ಬಲ ಉಳಿಯಿತು. ಒಂದೆರಡು ತಪ್ಪಿದರೆ ಕಿಣ್ವ ತಾನೇ ಜಾರಿಹೋಯಿತು. ಅದೇ ಹೊತ್ತಿಗೆ ಫೆಂಗ್ ಜಾಂಗ್ ಅವರ ತಂಡವೂ ಬೇರೆ ಅಮೈನೊ ಆಮ್ಲಗಳನ್ನು ಬದಲಿಸಿ ಇಂಥದ್ದೇ ಕಿಣ್ವ ಮಾಡಿತ್ತು. ಚುರುಕಾಗಿ ಕೆಲಸ ಮಾಡಲಿ ಎಂದು ಬಲ ಹೆಚ್ಚಿಸುವುದು ಎಲ್ಲರಿಗೂ ಹೊಳೆಯುತ್ತದೆ. ಸರಿಯಾಗಿ ಕೆಲಸ ಮಾಡಲಿ ಎಂದು ಬಲ ಕಡಿಮೆ ಮಾಡುವುದು ಹೊಳೆಯಬೇಕಾದರೆ ಜಾಣತನ ಬೇಕು.

ನಮ್ಮ ದೇಶದವರು ಇದಕ್ಕೆ ತದ್ವಿರುದ್ಧ ದಾರಿ ಹಿಡಿದರು. ದೆಹಲಿಯ ಸಿ.ಎಸ್.ಐ.ಆರ್. ಸಂಸ್ಥೆ ಐ.ಜಿ.ಐ.ಬಿ.ಯಲ್ಲಿ ದೇಬಜ್ಯೋತಿ ಚಕ್ರವರ್ತಿ, ಸೌವಿಕ್ ಮೈತಿ ಮತ್ತು ಸಂಗಡಿಗರು ಫ್ರಾನ್ಸಿಸೆಲ್ಲಾ ನೋವಿಸಿಡಾ ಎಂಬ ಬೇರೊಂದು ಬ್ಯಾಕ್ಟೀರಿಯಾದ ಕ್ಯಾಸ್9 ತೆಗೆದುಕೊಂಡರು. ಇದರಲ್ಲಿ 1629 ಅಮೈನೊ ಆಮ್ಲ. ಗಾತ್ರದಲ್ಲಿ ಇನ್ನೂ ದೊಡ್ಡದು. ಇದು ಹುಟ್ಟಾ ಮಡಿವಂತ ಕಿಣ್ವ! ಅಕ್ಷರ ತಪ್ಪಿದ ಜಾಗವನ್ನು ಮುಟ್ಟುವುದೇ ಅಪರೂಪ. ಇದನ್ನು ಅವರು 2019ರಲ್ಲಿ ಪ್ರಕಟಿಸಿದರು. ಕೋವಿಡ್ ಕಾಲದಲ್ಲಿ, 2020ರಲ್ಲಿ, ವೈರಸ್ ಪತ್ತೆ ಮಾಡುವ ಕಾಗದದ ಪಟ್ಟಿಯೊಂದನ್ನು ಇದೇ ಕಿಣ್ವದಿಂದ ಮಾಡಿ 'ಫೆಲುದಾ' ಎಂದು ಹೆಸರಿಟ್ಟರು. ಅದು ಸತ್ಯಜಿತ್ ರೇ ಅವರ ಕತೆಗಳಲ್ಲಿ ಬರುವ ಪತ್ತೇದಾರನ ಹೆಸರು. ಕಳ್ಳನನ್ನು ಹಿಡಿಯುವ ಕಿಣ್ವಕ್ಕೆ ಒಳ್ಳೇ ಹೆಸರು, ಅಲ್ವಾ?

ಆದರೆ ಮಡಿ ಜಾಸ್ತಿಯಾದರೆ ಕೆಲಸ ಸಾಗದು. ಜೀವಕೋಶದೊಳಗೆ ಈ ಕಿಣ್ವ ಸರಿಯಾದ ಜಾಗದಲ್ಲೂ ಮಂದವಾಗಿ ಕೆಲಸ ಮಾಡುತ್ತಿತ್ತು. ಆದ್ದರಿಂದ ಇವರು ಹಿಡಿತವನ್ನು ಹೆಚ್ಚಿಸಬೇಕಾಯಿತು. ಅದೂ ಮಡಿ ಕೆಡದ ಹಾಗೆ! ಕಿಣ್ವದ ಆಕಾರ ನೋಡಿಕೊಂಡು ಎಲ್ಲೆಲ್ಲಿ ಅಮೈನೊ ಆಮ್ಲ ಬದಲಿಸಬೇಕೆಂದು ಯೋಚಿಸಿ ಹಲವು ರೂಪಗಳನ್ನು ಮಾಡಿ ಪರೀಕ್ಷಿಸಿದರು. 2024ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹೊಸ ರೂಪಗಳು ಚುರುಕಾಗಿಯೂ ಇದ್ದವು, ತಪ್ಪು ಜಾಗ ಮುಟ್ಟದೆಯೂ ಇದ್ದವು. ಮೊದಲಿಗಿಂತ ಸುಮಾರು ಮೂರೂವರೆ ಪಟ್ಟು ಹೆಚ್ಚು ಜಾಗಗಳನ್ನು ಅವು ಮುಟ್ಟಬಲ್ಲವು. ಅಮೆರಿಕದಲ್ಲಿ ಬಿಗಿಯನ್ನು ಸಡಿಲಿಸಿದರು, ದೆಹಲಿಯಲ್ಲಿ ಸಡಿಲವನ್ನು ಬಿಗಿ ಮಾಡಿದರು. ವೀಣೆಯ ತಂತಿಯ ಶ್ರುತಿ ಇದ್ದ ಹಾಗೆ.

ಕತ್ತರಿ ಸರಿಹೋಯಿತು. ಆದರೂ ಕತ್ತರಿ ಕತ್ತರಿಯೇ. ಎರಡೂ ಎಳೆ ತುಂಡಾದಾಗ ಜೀವಕೋಶ ಗಾಬರಿಯಾಗಿ ತುದಿಗಳನ್ನು ಹೇಗೋ ಅಂಟಿಸುತ್ತದೆ. ಆಗ ಒಂದೆರಡು ಅಕ್ಷರ ಬಿಟ್ಟುಹೋಗುತ್ತದೆ, ಇಲ್ಲವೇ ಹೆಚ್ಚಿಗೆ ಸೇರುತ್ತದೆ. ಒಂದು ವಂಶವಾಹಿಯನ್ನು ಕೆಡಿಸಿ ಸುಮ್ಮನಾಗಿಸುವುದಕ್ಕೆ ಇದು ಸರಿ. ಒಂದಕ್ಷರ ತಿದ್ದಲು ಹಾಳೆಯನ್ನೇ ಕತ್ತರಿಸುವುದು ಯಾವ ನ್ಯಾಯ? ಅದಕ್ಕೆ ಬೇಕಾದ್ದು ರಬ್ಬರು, ಪೆನ್ಸಿಲು.

ಅಮೆರಿಕದ ಡೇವಿಡ್ ಲಿಯು ಅವರ ಪ್ರಯೋಗಶಾಲೆ ಮಾಡಿದ್ದು ಅದನ್ನೇ. ಕ್ಯಾಸ್9ರ ಕತ್ತರಿಸುವ ಶಕ್ತಿಯನ್ನು ಬಹುಮಟ್ಟಿಗೆ ಕಿತ್ತುಹಾಕಿದರು. ಹುಡುಕುವ ಶಕ್ತಿ ಹಾಗೇ ಉಳಿಯಿತು. ಅದರ ಬೆನ್ನಿಗೆ ಅಕ್ಷರ ಬದಲಿಸುವ ಇನ್ನೊಂದು ಕಿಣ್ವ ಕಟ್ಟಿದರು. ಸಿ ಅಕ್ಷರವನ್ನು ಟಿ ಮಾಡುವ ಪೆನ್ಸಿಲು 2016ರಲ್ಲಿ ಬಂತು. ಅದಕ್ಕೆ ಬೇಕಾದ ಕಿಣ್ವ ಪ್ರಕೃತಿಯಲ್ಲೇ ಇತ್ತು. ಆದರೆ ಎ ಅಕ್ಷರವನ್ನು ಜಿ ಮಾಡಲು ಹೊರಟಾಗ ಡಿ.ಎನ್.ಎ. ಮೇಲೆ ಆ ಕೆಲಸ ಮಾಡಿಕೊಡುವ ಕಿಣ್ವವೇ ಸಿಗಲಿಲ್ಲ. ಹತ್ತಿರದ್ದು ಅಂದರೆ ಇ. ಕೋಲಿ ಬ್ಯಾಕ್ಟೀರಿಯಾದ ಟ್ಯಾಡ್-ಎ. ಅದು ಎ ಅಕ್ಷರವನ್ನು ಬದಲಿಸುತ್ತದೆ, ನಿಜ. ಆದರೆ ಆರ್.ಎನ್.ಎ. ಮೇಲೆ ಮಾತ್ರ.

ನಿಕೋಲ್ ಗೌಡೆಲ್ಲಿ ಎಂಬ ಸಂಶೋಧಕಿ ಮತ್ತು ಸಂಗಡಿಗರು ಬ್ಯಾಕ್ಟೀರಿಯಾಗಳಿಗೇ ಒಂದು ಪರೀಕ್ಷೆ ಇಟ್ಟರು. ಕ್ಲೋರಾಂಫೆನಿಕಾಲ್ ಎಂಬ ಔಷಧಿ ಬ್ಯಾಕ್ಟೀರಿಯಾಕ್ಕೆ ಮಾರಕ. ಅದನ್ನು ತಡೆದುಕೊಳ್ಳುವ ವಂಶವಾಹಿಯೊಂದನ್ನು ಬ್ಯಾಕ್ಟೀರಿಯಾದೊಳಗೆ ಇಟ್ಟು, ಅದರಲ್ಲಿ ಬೇಕೆಂದೇ ಒಂದಕ್ಷರ ತಪ್ಪು ಬರೆದರು. ಆ ತಪ್ಪು ಸರಿಯಾಗಬೇಕಾದರೆ ಒಂದು ಎ ಅಕ್ಷರ ಜಿ ಆಗಬೇಕು. ಆಮೇಲೆ ಟ್ಯಾಡ್-ಎ ಕಿಣ್ವದ ಸಾವಿರಾರು ಬಗೆಗಳನ್ನು, ಅಲ್ಲೊಂದು ಇಲ್ಲೊಂದು ಅಮೈನೊ ಆಮ್ಲ ಅದಲುಬದಲಾದವನ್ನು, ಆ ಬ್ಯಾಕ್ಟೀರಿಯಾಗಳಿಗೆ ಹಂಚಿ ಮೇಲೆ ಔಷಧಿ ಸುರಿದರು. ಯಾವುದರ ಕಿಣ್ವ ಡಿ.ಎನ್.ಎ.ಯಲ್ಲಿನ ತಪ್ಪನ್ನು ತಿದ್ದಿತೋ ಅದು ಬದುಕಿತು. ಉಳಿದದ್ದೆಲ್ಲ ಸತ್ತಿತು. ಬದುಕಿದವುಗಳಿಂದ ಕಿಣ್ವವನ್ನು ತೆಗೆದು, ಮತ್ತೆ ಬದಲಾವಣೆ ಮಾಡಿ, ಇನ್ನೂ ಕಷ್ಟದ ಪರೀಕ್ಷೆ ಕೊಟ್ಟರು. ನಮ್ಮ ರೈತರು ಗದ್ದೆಯಲ್ಲಿ ಒಳ್ಳೆ ತೆನೆ ಆರಿಸಿ ಮುಂದಿನ ವರ್ಷಕ್ಕೆ ಬೀಜ ಎತ್ತಿಡುವ ಕ್ರಮವೇ ಇದು. ಆದರೆ ಇಲ್ಲಿ ಬೆಳೆ ಬರಲು ಆರು ತಿಂಗಳು ಕಾಯಬೇಕಿಲ್ಲ. ಹೀಗೆ ಏಳು ಸುತ್ತು ನಡೆದ ಮೇಲೆ ಪ್ರಕೃತಿಯಲ್ಲಿ ಎಲ್ಲೂ ಕಾಣದ ಕಿಣ್ವ ಕೈಗೆ ಬಂತು. 2017ರಲ್ಲಿ ಅದು ಪ್ರಕಟವಾಯಿತು.

2020ರಲ್ಲಿ ಅದಕ್ಕೆ ಇನ್ನೂ ಎಂಟು ಬದಲಾವಣೆ ಸೇರಿಸಿ ವೇಗವನ್ನು 590 ಪಟ್ಟು ಹೆಚ್ಚಿಸಿದರು. ಮತ್ತೆ ಅದೇ ಹಳೇ ಕತೆ! ಅವಸರದ ಪೆನ್ಸಿಲು ಅಕ್ಕಪಕ್ಕದ ಕಡೆಯೂ, ಆರ್.ಎನ್.ಎ. ಮೇಲೂ ಗೀಚತೊಡಗಿತು. 106ನೆಯ ಜಾಗದಲ್ಲಿದ್ದ ಒಂದು ಅಮೈನೊ ಆಮ್ಲ ಬದಲಿಸಿದಾಗ ಆ ಗೀಚಾಟ ಕಡಿಮೆಯಾಯಿತು.

ಈಗ ನಮ್ಮ 'ಜಿ ಟಿ ಜಿ'ಗೆ ಬರೋಣ. ಅಲ್ಲಿನ ಟಿಯನ್ನು ಮತ್ತೆ ಎ ಮಾಡಬೇಕು. ಆದರೆ ನಮ್ಮ ಪೆನ್ಸಿಲಿಗೆ ಬರುವುದು ಎ ಅಕ್ಷರವನ್ನು ಜಿ ಮಾಡುವುದೊಂದೇ. ಜೋಡಿ ನೆನಪಿದೆಯಲ್ಲ? ಟಿಯ ಎದುರಿನ ಎಳೆಯಲ್ಲಿ ಎ ಇದೆ. ಅದನ್ನು ಜಿ ಮಾಡಿದರೆ, ಅದರ ಜೋಡಿಯಾಗಿ ಈ ಕಡೆ ಟಿ ಹೋಗಿ ಸಿ ಬರುತ್ತದೆ. 'ಜಿ ಸಿ ಜಿ' ಆಯಿತು. ಇದು ಮೂಲ ಅಕ್ಷರ ಅಲ್ಲ, ಆದರೂ ಚಿಂತೆಯಿಲ್ಲ. ಇಂಡೋನೇಷ್ಯಾದ ಮಕಾಸರ್ ಊರಿನ ಕಡೆ ಹುಟ್ಟಿನಿಂದಲೇ 'ಜಿ ಸಿ ಜಿ' ಇದ್ದ ಜನ ಸಿಕ್ಕಿದ್ದರು. ಅವರ ಹಿಮೋಗ್ಲೋಬಿನ್ ಸರಿಯಾಗೇ ಕೆಲಸ ಮಾಡುತ್ತದೆ, ಕಣ ಕುಡುಗೋಲಾಗುವುದಿಲ್ಲ. ಎಲ್ಲಿಯ ಕಾಯಿಲೆ, ಎಲ್ಲಿಯ ಮಕಾಸರ್!

ಇನ್ನೊಂದು ತೊಡಕಿತ್ತು. ಕ್ಯಾಸ್9 ಎಲ್ಲಿ ಬೇಕೆಂದರಲ್ಲಿ ಇಳಿಯುವುದಿಲ್ಲ. ಗುರಿಯ ಪಕ್ಕದಲ್ಲಿ 'ಜಿ ಜಿ' ಎಂಬ ಎರಡಕ್ಷರ ಇರಲೇಬೇಕು. ಬಸ್ಸಿಗೆ ಸ್ಟಾಪ್ ಇದ್ದ ಹಾಗೆ. ನಮ್ಮ ತಪ್ಪಕ್ಷರದ ಹತ್ತಿರ ಬೇಕಾದ ಅಳತೆಗೆ ಅಂಥ ಸ್ಟಾಪ್ ಇರಲಿಲ್ಲ. ಅದಕ್ಕಾಗಿ ಬೇರೆ ಅಕ್ಷರಗಳಿದ್ದ ಕಡೆಯೂ ಇಳಿಯುವ ಕ್ಯಾಸ್9 ಒಂದನ್ನು ಅದೇ ಪ್ರಯೋಗಶಾಲೆ ಬೆಳೆಸಿತು. ಇವೆಲ್ಲವನ್ನೂ ಕೂಡಿಸಿ ರೋಗಿಗಳ ರಕ್ತದ ಮೂಲಕೋಶಗಳ ಮೇಲೆ ಪ್ರಯೋಗಿಸಿದಾಗ 80% ಪ್ರತಿಗಳಲ್ಲಿ ಅಕ್ಷರ ಬದಲಾಯಿತು. ಆ ಕೋಶಗಳನ್ನು ಇಲಿಗಳಿಗೆ ಹಾಕಿ 16 ವಾರ ಬಿಟ್ಟು ನೋಡಿದರೆ ತಿದ್ದುಪಡಿ 68% ಉಳಿದಿತ್ತು, ಕಣ ಕುಡುಗೋಲಾಗುವುದು ಐದನೇ ಒಂದು ಪಾಲಿಗೆ ಇಳಿದಿತ್ತು. ಇದು 2021ರ ಮಾತು.

ಮನುಷ್ಯರಿಗೆ ಇವು ಬಂದಿವೆಯೇ? ಬಂದಿವೆ. ಕುಡುಗೋಲು ಕಣಕ್ಕೆ ಕತ್ತರಿಯ ಚಿಕಿತ್ಸೆಯೊಂದಕ್ಕೆ 2023ರ ನವೆಂಬರಿನಲ್ಲಿ ಬ್ರಿಟನ್ನು, ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ಅದು ತಪ್ಪಕ್ಷರವನ್ನು ತಿದ್ದುವುದಿಲ್ಲ. ಹೊಟ್ಟೆಯಲ್ಲಿದ್ದಾಗ ಮಗು ಬಳಸುವ ಹಿಮೋಗ್ಲೋಬಿನ್ ಹುಟ್ಟಿದ ಮೇಲೆ ನಿಂತುಹೋಗುತ್ತದಲ್ಲ, ಅದನ್ನು ನಿಲ್ಲಿಸುವ ಸ್ವಿಚ್ಚನ್ನು ಕತ್ತರಿಸಿ ಮತ್ತೆ ಶುರುಮಾಡಿಸುತ್ತದೆ. ಇನ್ನು ಪೆನ್ಸಿಲಿನ ಸುದ್ದಿ. 2022ರ ಮೇ ತಿಂಗಳಲ್ಲಿ ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ 13 ವರ್ಷದ ಒಬ್ಬ ಹುಡುಗಿಗೆ, ಅಂದರೆ ನಮ್ಮ ಎಂಟನೇ ಕ್ಲಾಸಿನ ವಯಸ್ಸಿನವಳಿಗೆ, ಹೀಗೆ ಅಕ್ಷರ ತಿದ್ದಿದ ರಕ್ತಕೋಶಗಳನ್ನು ಕೊಟ್ಟು ರಕ್ತದ ಕ್ಯಾನ್ಸರನ್ನು ಹಿಮ್ಮೆಟ್ಟಿಸಿದರು. 2025ರ ಫೆಬ್ರವರಿಯಲ್ಲಿ ಫಿಲಡೆಲ್ಫಿಯಾದಲ್ಲಿ ಒಂದು ಹಸುಗೂಸಿಗೆ, ಆ ಒಂದೇ ಮಗುವಿನ ತಪ್ಪಕ್ಷರಕ್ಕಾಗಿ, ಆರು ತಿಂಗಳಲ್ಲಿ ಪೆನ್ಸಿಲು ತಯಾರಿಸಿ ಕೊಟ್ಟರು. ಪಿತ್ತಜನಕಾಂಗದ ಒಂದು ಕಿಣ್ವವಿಲ್ಲದೆ ರಕ್ತದಲ್ಲಿ ಅಮೋನಿಯ ಏರುತ್ತಿದ್ದ ಮಗು ಅದು.

ಬೆಲೆ ಕೇಳಬೇಡಿ ಅನ್ನೋ ಹಾಗಿಲ್ಲ, ಕೇಳಲೇಬೇಕು. ಕುಡುಗೋಲು ಕಣದ ಆ ಕತ್ತರಿ ಚಿಕಿತ್ಸೆಗೆ ಅಮೆರಿಕದಲ್ಲಿ ಇಟ್ಟ ಬೆಲೆ 22 ಲಕ್ಷ ಡಾಲರು. ಆಗಿನ ಲೆಕ್ಕದಲ್ಲಿ ಸುಮಾರು 18 ಕೋಟಿ ರೂಪಾಯಿ! ಹೆಗ್ಗಡದೇವನಕೋಟೆಯ ಹಾಡಿಯಲ್ಲಿ ಜೇನು ಕುಯ್ಯುವವರ ಮಗುವಿಗೆ ಇದು ಚಂದ್ರನ ಮೇಲಿನ ಔಷಧಿ. ದೆಹಲಿಯ ಕಿಣ್ವದ ಕತೆಯನ್ನು ಮೇಲೆ ಅಷ್ಟು ಉದ್ದ ಬರೆದದ್ದು ಇದಕ್ಕೇ. ಕತ್ತರಿ ನಮ್ಮದೇ ಆದರೆ ಪೇಟೆಂಟಿನ ಹಣ ಹೊರಗೆ ಕೊಡುವುದು ಕಡಿಮೆಯಾಗುತ್ತದೆ. ಅದೇ ಸಂಸ್ಥೆ ಕುಡುಗೋಲು ಕಣಕ್ಕೆ ಚಿಕಿತ್ಸೆಯೊಂದನ್ನು ರೂಪಿಸಿದೆ. 2025ರ ನವೆಂಬರಿನಲ್ಲಿ ಕೇಂದ್ರ ಸರಕಾರ ಅದನ್ನು ಪ್ರಕಟಿಸಿತು. ಬಿರ್ಸಾ ಮುಂಡಾ ಅವರ ನೆನಪಿಗೆ 'ಬಿರ್ಸಾ 101' ಎಂದು ಹೆಸರು. ತಯಾರಿಕೆಯ ವಿದ್ಯೆಯನ್ನು ಪುಣೆಯ ಸೀರಂ ಇನ್‌ಸ್ಟಿಟ್ಯೂಟಿಗೆ ಕೊಡುವ ಒಪ್ಪಂದವಾಗಿದೆ. ಆಸ್ಪತ್ರೆಗೆ ಬರುವ ಮೊದಲು ರೋಗಿಗಳ ಮೇಲಿನ ಪರೀಕ್ಷೆಗಳು ಮುಗಿಯಬೇಕು.

ಅಲ್ಲೀತನಕ ಇರುವುದು ಹೈಡ್ರಾಕ್ಸಿಯೂರಿಯ ಮಾತ್ರೆ, ಮತ್ತು ರಕ್ತ ಪರೀಕ್ಷೆ. ದೇಶದಲ್ಲಿ 2023ರ ಜುಲೈ 1ರಂದು ಶುರುವಾದ ಕುಡುಗೋಲು ಕಣ ನಿರ್ಮೂಲನಾ ಯೋಜನೆಯಲ್ಲಿ ಕರ್ನಾಟಕವೂ ಸೇರಿ 17 ರಾಜ್ಯಗಳಿವೆ. ಬುಡಕಟ್ಟು ಪ್ರದೇಶಗಳ 40 ವರ್ಷದೊಳಗಿನ 7 ಕೋಟಿ ಜನರನ್ನು ಪರೀಕ್ಷಿಸುವುದು ಅದರ ಗುರಿ. ಬೆರಳ ತುದಿಯ ಒಂದು ಹನಿ ರಕ್ತದಲ್ಲಿ ಮೊದಲ ಪರೀಕ್ಷೆ ಆಗುತ್ತದೆ. ವಾಹಕರು ಯಾರೆಂದು ಮದುವೆಗೆ ಮೊದಲೇ ತಿಳಿದಿರುವುದು ಮುಖ್ಯ. ಯಾಕೆಂದರೆ ಗಂಡ ಹೆಂಡತಿ ಇಬ್ಬರೂ ವಾಹಕರಾದರೆ ಹುಟ್ಟುವ ಒಂದೊಂದು ಮಗುವಿಗೂ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು.